ಕೆಟ್ಟ ಮಳೆಗಾಲಕ್ಕೂ ಕಾಳು ಉಳಿಯಬೇಕಾದರೆ ಹೊಲವನ್ನು ಹೇಗೆ ಸಜ್ಜುಗೊಳಿಸಬೇಕು?

ವರ್ಷದ ಒಟ್ಟು ಮಳೆ ಅಷ್ಟೇ ಇದ್ದರೂ, ಅದು ನಾಲ್ಕಾರು ದಿನಗಳಲ್ಲಿ ರಭಸದಿಂದ ಸುರಿದು ಉಳಿದ ವಾರಗಳು ಒಣಗಿಹೋದರೆ ಬೆಳೆ ನೆಲಕಚ್ಚುತ್ತದೆ. ಆದ್ದರಿಂದ ಒಳ್ಳೆಯ ವರ್ಷದ ಇಳುವರಿಯನ್ನು ಇನ್ನಷ್ಟು ಏರಿಸುವುದಕ್ಕಿಂತ, ಕೆಟ್ಟ ವರ್ಷದಲ್ಲೂ ಕಣಜ ಬರಿದಾಗದಂತೆ ನೋಡಿಕೊಳ್ಳುವುದೇ ಆಹಾರ ಭದ್ರತೆಯ ಮೊದಲ ಕೆಲಸವೆಂದು ನಾನು ನಂಬುತ್ತೇನೆ.

ಜೋರು ಮಳೆ ಬಂದು ನಿಂತ ಕೂಡಲೇ ಹೊಲವನ್ನು ಸುತ್ತಿ, ನೀರು ಎಲ್ಲಿ ಹರಿಯಿತು, ಎಲ್ಲಿ ಮಣ್ಣನ್ನು ಕೊಚ್ಚಿತು, ಎಲ್ಲಿ ನಿಂತಿತು ಎಂಬುದನ್ನು ಮೊದಲು ಗುರುತಿಸಿಕೊಳ್ಳಿ. ಒಂದು ಹೆಕ್ಟೇರ್ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ ಅದು 10,000 ಲೀಟರ್ ನೀರು. 50 ಮಿಲಿಮೀಟರಿನ ಒಂದೇ ಮಳೆ 5 ಲಕ್ಷ ಲೀಟರ್ ತರುತ್ತದೆ. ಅದು ಹೊಲದಲ್ಲೇ ಇಂಗುವಂತೆ ಇಳಿಜಾರಿಗೆ ಅಡ್ಡಲಾಗಿ ಉಳುಮೆ ಮಾಡಿ, ಸಮಪಾತಳಿಯಲ್ಲಿ, ಅಂದರೆ ಒಂದೇ ಎತ್ತರದ ಗೆರೆಯುದ್ದಕ್ಕೂ, ಬದು ಹಾಕಿ, ಹೆಚ್ಚುವರಿ ನೀರು ಬದುವನ್ನು ಒಡೆಯದಂತೆ ಕೋಡಿ ಬಿಡಿ. ತಗ್ಗಿನ ಮೂಲೆಯಲ್ಲಿ ಒಂದು ಹೊಂಡವಿದ್ದರೆ, ಹೂ ಬಿಡುವ ಹೊತ್ತಿನಲ್ಲಿ ಮಳೆ ಕೈಕೊಟ್ಟಾಗ ಕೊಡುವ ಒಂದೆರಡು ನೀರು ಬೆಳೆಯನ್ನು ಉಳಿಸಬಲ್ಲದು.

ಎರಡನೆಯದು ಮಣ್ಣು, ಮತ್ತು ನಿಧಾನವಾಗಿ ಫಲ ಕೊಡುವ ಈ ಕೆಲಸಕ್ಕೆ ಹೆಚ್ಚು ತಾಳ್ಮೆ ಬೇಕು. ಸಾವಯವ ಅಂಶವಿರುವ ಮಣ್ಣು ಗಟ್ಟಿಯಾಗದೆ ನೀರನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಹಿಡಿದೂ ಇಡುತ್ತದೆ. ಕೊಯ್ಲಿನ ನಂತರ ಉಳಿಯುವ ಕೂಳೆ, ರವದಿಗಳನ್ನು ಸುಡದೆ ಸಾಲುಗಳ ನಡುವೆ ಹೊದಿಸಿ. ಒಣ ಹುಲ್ಲನ್ನು ಮಣ್ಣಿನಲ್ಲಿ ಬೆರೆಸಿದರೆ ಅದು ಕೊಳೆಯುವಾಗ ಸೂಕ್ಷ್ಮಜೀವಿಗಳು ಬೆಳೆಗೆ ಸಿಗಬೇಕಾದ ಸಾರಜನಕವನ್ನು ಕೆಲಕಾಲ ಹಿಡಿದುಕೊಳ್ಳುವುದರಿಂದ, ಅದನ್ನು ಮೇಲೆಯೇ ಬಿಡುವುದು ಲೇಸು. ದನಗಳಿಗೂ ಅದೇ ಹುಲ್ಲು ಬೇಕಾಗುವ ಕಡೆ ಎಲ್ಲವನ್ನೂ ಹೊದಿಸಲಾಗದು. ಅಲ್ಲಿ ಗೊಬ್ಬರವಾದರೂ ಹೊಲಕ್ಕೆ ಮರಳಬೇಕು. ಪಶ್ಚಿಮ ಆಫ್ರಿಕಾದ ಬುರ್ಕಿನಾ ಫಾಸೊದಲ್ಲಿ ಯಾಕೂಬಾ ಸವಾಡೋಗೊ ಎಂಬ ರೈತ, ಬೇಸಿಗೆಯಲ್ಲೇ ಗಟ್ಟಿ ನೆಲದಲ್ಲಿ ‘ಜಾಯ್’ ಎಂಬ ಸಣ್ಣ ಗುಂಡಿಗಳನ್ನು ತೋಡಿ ಗೊಬ್ಬರ ತುಂಬಿದರು. ಗೊಬ್ಬರಕ್ಕೆ ಬಂದ ಗೆದ್ದಲು ಕೊರೆದ ಸುರಂಗಗಳಲ್ಲಿ ಮಳೆನೀರು ಇಂಗಿ, ಬರಡಾಗಿದ್ದ ನೆಲದಲ್ಲಿ ಜೋಳ, ಸಜ್ಜೆ ಮತ್ತು ಮರಗಳು ಬೆಳೆದವು.

ಮೂರನೆಯದಾಗಿ, ಇಡೀ ಹೊಲವನ್ನು ಒಂದೇ ಬೆಳೆಗೆ, ಒಂದೇ ದಿನದ ಬಿತ್ತನೆಗೆ ಒಪ್ಪಿಸಬೇಡಿ. ಬರ ತಡೆಯುವ ಸಜ್ಜೆ, ಜೋಳಗಳ ನಡುವೆ ದ್ವಿದಳ ಧಾನ್ಯದ ಅಕ್ಕಡಿ ಸಾಲು ಹಾಕಿದರೆ, ಅದರ ಬೇರುಗಂಟಿನ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಹಿಡಿದುಕೊಡುತ್ತವೆ. ಭತ್ತ ಹೂ ಬಿಡುವಾಗ ಉಷ್ಣಾಂಶ 35 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕಾಳು ಜಳ್ಳಾಗುವ ಅಪಾಯವಿದೆ; ಬಿತ್ತನೆಯನ್ನು ಒಂದೆರಡು ವಾರಗಳ ಅಂತರದಲ್ಲಿ ಹಂಚಿದರೆ ಎಲ್ಲ ತಾಕುಗಳೂ ಒಂದೇ ಬಿಸಿಗೆ ಸಿಕ್ಕುವುದಿಲ್ಲ. ನೆರೆಹಾವಳಿಯ ಪ್ರದೇಶಕ್ಕಾದರೆ, ಸಬ್1 ವಂಶವಾಹಿಯುಳ್ಳ ಭತ್ತದ ತಳಿಗಳು ಸುಮಾರು ಎರಡು ವಾರ ಮುಳುಗಿದ್ದರೂ ಚೇತರಿಸಿಕೊಳ್ಳುತ್ತವೆ.

ಭತ್ತದ ಗದ್ದೆಯಲ್ಲಿ ಸದಾ ನೀರು ನಿಲ್ಲಿಸಬೇಕಿಲ್ಲ. ರಂಧ್ರಗಳಿರುವ ಕೊಳವೆಯೊಂದನ್ನು ನೆಟ್ಟು, ಒಳಗಿನ ನೀರಿನ ಮಟ್ಟ ನೆಲದಿಂದ 15 ಸೆಂಟಿಮೀಟರ್ ಕೆಳಗಿಳಿದಾಗ ಮತ್ತೆ ನೀರು ಹಾಯಿಸಿ. ಹೂ ಬಿಡುವ ದಿನಗಳಲ್ಲಿ ಮಾತ್ರ ನೀರು ನಿಂತಿರಲಿ. ನೀರೂ ಉಳಿಯುತ್ತದೆ, ನೀರು ನಿಂತ ಗದ್ದೆಯಿಂದ ಹೊರಡುವ ಮೀಥೇನ್ ಅನಿಲವೂ ತಗ್ಗುತ್ತದೆ.

ಕೊನೆಗೆ ಬೀಜ. ಮೊದಲ ಬಿತ್ತನೆ ಒಣಗಿಹೋದರೆ ಮರುಬಿತ್ತನೆಗೆಂದು ಅಲ್ಪಾವಧಿ ಬೆಳೆಯ ಬೀಜವನ್ನು ಬೇರೆಯಾಗಿಯೇ ತೆಗೆದಿಡಿ. ತೇವಾಂಶ ಶೇ 1ರಷ್ಟು ಇಳಿದರೆ ಬೀಜದ ಆಯುಷ್ಯ ಸರಿಸುಮಾರು ಇಮ್ಮಡಿಯಾಗುತ್ತದೆ; ಹಾಗಾಗಿ ಚೆನ್ನಾಗಿ ಒಣಗಿಸಿ, ಗಾಳಿಯಾಡದ ಡಬ್ಬದಲ್ಲಿ ತಂಪಾದ ಕಡೆ ಇಡಿ. ಬಿತ್ತುವ ಮೊದಲು 100 ಕಾಳುಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಮೊಳಕೆ ಎಣಿಸಿ, ಎಷ್ಟು ಕಡಿಮೆ ಬಂತೋ ಅದಕ್ಕೆ ತಕ್ಕಂತೆ ಬೀಜದ ಪ್ರಮಾಣವನ್ನು ಹೆಚ್ಚಿಸಿ.