ಮೊದಲು ಸಾಲ, ಆಮೇಲೆ ಪಾಲು: ಅಪ್ಪನ ಹೊಲ ಉಳಿಸಿಕೊಂಡ ನನ್ನ ಅನುಭವ

2022ರ ಮೇ ತಿಂಗಳಲ್ಲಿ ಅಪ್ಪ ತೀರಿಕೊಂಡಾಗ ಆಳಂದ ತಾಲ್ಲೂಕಿನಲ್ಲಿ ನಮಗೆ 14 ಎಕರೆ 20 ಗುಂಟೆ ಪಿತ್ರಾರ್ಜಿತ ಹೊಲವೂ ಸುಮಾರು ಏಳೂಮುಕ್ಕಾಲು ಲಕ್ಷ ರೂಪಾಯಿ ಸಾಲವೂ ಇದ್ದವು. ಹಕ್ಕುದಾರರು ಅವ್ವ, ಇಬ್ಬರು ತಮ್ಮಂದಿರು ಮತ್ತು ಹಿರಿಯ ಮಗಳಾದ ನಾನು. "ಅಕ್ಕ, ಮೊದಲ ಪಾಲ ಮಾಡ್ಕೋಳೋಣು, ಸಾಲ ಅವರವರ ಪಾಲಿಗಿ ಬರ್ತದ" ಎಂದು ದೊಡ್ಡ ತಮ್ಮ ಹೇಳಿದ. ಕಾಕಾನೂ ಅದನ್ನೇ ಹೇಳಿದರು. ಸಹಕಾರಿ ಸೊಸೈಟಿಯ ಬೋಜಾ, ಅಂದರೆ ಪಹಣಿಯಲ್ಲಿ ನಮೂದಾದ ಸಾಲದ ಹೊರೆ, ಇಡೀ ಸರ್ವೆ ನಂಬರಿನ ಮೇಲಿರುವಾಗ ಒಬ್ಬ ಕಟ್ಟದಿದ್ದರೂ ನಾಲ್ವರ ಪಹಣಿ ಸಿಕ್ಕಿಬೀಳುತ್ತದೆಂದು ನನಗೆ ಗೊತ್ತಿತ್ತು. ಆದ್ದರಿಂದ ಮೂರು ರಾಶಿಯವರೆಗೆ, ಅಂದರೆ ಮೂರು ಸುಗ್ಗಿ ಮುಗಿಯುವವರೆಗೆ, ಹೊಲ ಒಟ್ಟಿಗೇ ಇರಲಿ, ಬಂದದ್ದೆಲ್ಲ ಸಾಲಕ್ಕೇ ಹೋಗಲಿ ಎಂದು ಪಟ್ಟು ಹಿಡಿದೆ. ಮದುವೆಯಾಗಿ ಕಲಬುರಗಿಗೆ ಹೋದವಳು ಹೊಲದ ಲೆಕ್ಕ ಹೇಳುವುದೇನು ಎಂದವರೇ ಊರಲ್ಲಿ ಹೆಚ್ಚು.

ಅಷ್ಟರಲ್ಲಿ ಒಂದು ದೊಡ್ಡ ತಪ್ಪು ನಡೆದುಹೋಗಿತ್ತು. ದಿನಕರ್ಮ ಮುಗಿದ ಮರುದಿನವೇ ಬಂದ ಸಾಲ ಕೊಟ್ಟಿದ್ದ ಒಬ್ಬರು ಅಪ್ಪನ ತೊಂಬತ್ತು ಸಾವಿರದ ಪ್ರೋನೋಟನ್ನು (ಸಾಲದ ವಾಗ್ದಾನ ಪತ್ರವನ್ನು) ಸಣ್ಣ ತಮ್ಮನ ಹೆಸರಿಗೆ ಹೊಸದಾಗಿ ಬರೆಸಿಕೊಂಡರು. ತಂದೆಯ ಸಾಲಕ್ಕೆ ಮಕ್ಕಳು ಹೊಣೆಯಾಗುವುದು ಅವರಿಂದ ಬಂದ ಆಸ್ತಿಯಷ್ಟರ ಮಟ್ಟಿಗೆ ಮಾತ್ರ, ಆದರೆ ಮರ್ಯಾದೆಗೆ ಅಂಜಿ ಮಾಡಿದ ಒಂದು ಸಹಿಯಿಂದ ಅದು ಅವನ ಸ್ವಂತ ಸಾಲವಾಯಿತು. ಬಡ್ಡಿ ಸೇರಿ ಕೊನೆಗೆ ಒಂದು ಲಕ್ಷ ಇಪ್ಪತ್ತು ಸಾವಿರದಷ್ಟು ಕಟ್ಟಬೇಕಾಯಿತು. ತೀರಿಕೊಂಡವರ ಹೊಲವನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಯಲ್ಲೂ ಎಡವಿದೆವು. ಹೆಣ್ಣುಮಕ್ಕಳ ಹೆಸರು ಬೇಡ ಎಂದು ಯಾರೋ ಹೇಳಿದ್ದನ್ನು ಕೇಳಿ ತಮ್ಮಂದಿರು ನನ್ನನ್ನು ಬಿಟ್ಟು ವಂಶಾವಳಿ ಮಾಡಿಸಿದ್ದರು. ಅರ್ಜಿ ಮರಳಿ ಬಂತು, ನಾಲ್ಕೈದು ತಿಂಗಳು ವ್ಯರ್ಥವಾಯಿತು. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಕೊಟ್ಟ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಬಂದು ಇಷ್ಟು ವರ್ಷವಾದರೂ ಈ ಸಲಹೆ ಕೊಡುವವರು ಇದ್ದಾರೆ ಎಂಬುದು ನನಗೆ ಇಂದಿಗೂ ನೋವಿನ ಸಂಗತಿ.

ಗಂಜಿನ (ಧಾನ್ಯದ ಮಾರುಕಟ್ಟೆಯ) ಅಡತಿ ಅಂಗಡಿಯವರು, ಅಂದರೆ ನಮ್ಮ ಮಾಲು ಮಾರಿಕೊಡುವ ದಲಾಲರು, ಮೂರು ಲಕ್ಷ ಇಪ್ಪತ್ತು ಸಾವಿರ ಬರಬೇಕೆಂದರು. ಅಪ್ಪ ವಹಿ ಇಟ್ಟವರಲ್ಲ, ಆದರೆ ಜೋಳ ತುಂಬಿಡುವ ನೆಲದ ಹಗೇವಿನ ಪಕ್ಕದ ಗೂಡಿನಲ್ಲಿ ಬೀಜದ ಚೀಲವೊಂದರೊಳಗೆ ತಕ್‌ಪಟ್ಟಿಗಳನ್ನೆಲ್ಲ (ಮಾಲು ಮಾರಿದ ಲೆಕ್ಕದ ಚೀಟಿಗಳನ್ನೆಲ್ಲ) ದಾರ ಕಟ್ಟಿ ಇಟ್ಟಿದ್ದರು. ಇಲಿ ಕಡಿದು ಅಂಚು ಹೋಗಿದ್ದರೂ ಅಂಕಿಗಳು ಉಳಿದಿದ್ದವು. ಎರಡು ರಾತ್ರಿ ಕೂತು ಕೂಡಿಸಿದಾಗ, ತೊಗರಿ ಮಾರಿದ ಹಣದಲ್ಲಿ ಅಂಗಡಿಯವರೇ ಮುರಿದುಕೊಂಡ ಐವತ್ತೈದು ಸಾವಿರ ಅವರ ಖಾತೆಯಲ್ಲಿ ಜಮೆಯಾಗಿಲ್ಲವೆಂದು ತಿಳಿಯಿತು. ಆ ಚೀಟಿಗಳನ್ನು ಮುಂದಿಟ್ಟು ಮಾತಾಡಿ ಎರಡು ಲಕ್ಷ ಹತ್ತು ಸಾವಿರಕ್ಕೆ ಚುಕ್ತಾ ಮಾಡಿಸಿದೆ. ಬಡ್ಡಿ ಬಿಡಿಸಲು ಯಾವ ದಿನ, ಯಾರನ್ನು ಕರೆದುಕೊಂಡು ಹೋದೆನೆಂಬುದನ್ನು ಇಲ್ಲಿ ಬರೆಯಲಾರೆ, ಇನ್ನೂ ಇಬ್ಬರಿಗೆ ಅದನ್ನು ಮಾಡಿಕೊಡುವುದಿದೆ.

ಮೊದಲ ವರ್ಷ ಗಿಡ ಒಣಗಿಸುವ ನೆಟೆ ರೋಗ ಬಿದ್ದು ಎಕರೆಗೆ ಎರಡು ಕ್ವಿಂಟಲ್ ತೊಗರಿಯೂ ಕಷ್ಟವಾಯಿತು. ಖರ್ಚು ಕಳೆದು ಉಳಿದ ಅರವತ್ತೈದು ಸಾವಿರದಲ್ಲಿ ಗಿರವಿಯಲ್ಲಿದ್ದ ಅವ್ವನ ಬೋರಮಾಳ ಸರ ಬಿಡಿಸಿದೆ. ಬಡ್ಡಿ ಹೆಚ್ಚಿದ್ದದ್ದು ಬೇರೆ ಸಾಲಕ್ಕೆ, ಆದರೂ ಸರ ಕೊರಳಿಗೆ ಮರಳಿದ ಮೇಲೆಯೇ ತಮ್ಮಂದಿರಿಗೆ ನನ್ನ ಲೆಕ್ಕದಲ್ಲಿ ನಂಬಿಕೆ ಬಂತು. 2023ರಲ್ಲಿ ಬರಗಾಲ, ಆದರೆ ತೊಗರಿ ದರ ಕ್ವಿಂಟಲ್‌ಗೆ ಹತ್ತು ಸಾವಿರದ ಆಸುಪಾಸು ಹೋದದ್ದರಿಂದ ಎರಡೂಮುಕ್ಕಾಲು ಲಕ್ಷ ಉಳಿಯಿತು. ಅದೇ ವರ್ಷ ಎರಡು ಎಕರೆಯಲ್ಲಿ ಹೆಸರು ಬಿತ್ತಿ, ಅದು ಬಂದ ಮೇಲೆ ಬಿಳಿಜೋಳ ಹಾಕಿ ನೋಡಿದೆ. ಹೆಸರು ಬೀಜದ ಖರ್ಚಿಗೆ ಸರಿಹೋಯಿತು, ಜೋಳ ಮನೆಯ ರೊಟ್ಟಿಗೂ ಅದರ ದಂಟಿನ ಕಣಿಕೆ ಎತ್ತಿಗೂ ಆಯಿತು. ಮೂರನೆಯ ರಾಶಿಯಲ್ಲಿ ದರ ಇಳಿದರೂ ಇಳುವರಿ ಚೆನ್ನಾಗಿ ಬಂದು ಮೂರು ಲಕ್ಷದಷ್ಟು ಕೈಗೆ ಸಿಕ್ಕಿತು. ಹೊಲದಲ್ಲಿ ದುಡಿದ ದೊಡ್ಡ ತಮ್ಮನ ಕೂಲಿಯನ್ನು ಪ್ರತಿ ವರ್ಷ ಖರ್ಚಿನಲ್ಲೇ ಹಿಡಿದೆ. ಅದನ್ನು ಬಿಟ್ಟಿದ್ದರೆ ಒಕ್ಕಟ್ಟು ಒಂದೇ ವರ್ಷಕ್ಕೆ ಮುರಿಯುತ್ತಿತ್ತು. ಕಡಿಮೆ ಬಿದ್ದ ಐವತ್ತು ಸಾವಿರವನ್ನು ನಾನೇ ಹಾಕಿದೆ.

ಸೊಸೈಟಿಯ ಬೇಬಾಕಿ (ಬಾಕಿ ಇಲ್ಲವೆಂಬ) ಪತ್ರ ತಂದು, ಪಹಣಿಯಿಂದ ಬೋಜಾ ತೆಗೆಸಿ, ಹೊಲ ಭಾಗವಾಗುವುದನ್ನು ಅಳೆದು ತೋರಿಸುವ 11ಇ ನಕ್ಷೆ ಮಾಡಿಸಿ, 2025ರಲ್ಲಿ ವಿಭಾಗ ಪತ್ರ ನೋಂದಾಯಿಸಿದೆವು. ಒಂದು ಗುಂಟೆಯನ್ನೂ ಮಾರಲಿಲ್ಲ. ಬೇಡವೆಂದ ಕಾಕಾ ಈಗ ತಮ್ಮ ಮನೆಯ ಚೀಟಿಗಳನ್ನು ನನ್ನ ಬಳಿ ತಂದಿಟ್ಟಿದ್ದಾರೆ. ತಲಾ 3 ಎಕರೆ 25 ಗುಂಟೆಯಂತೆ ನಾಲ್ಕು ಪಹಣಿಗಳಾಗಿವೆ. ಬಾವಿ ಅವ್ವನ ಪಾಲಿನಲ್ಲಿದೆ, ನೀರಿನ ಪಾಳಿಯನ್ನು ವಿಭಾಗ ಪತ್ರದಲ್ಲೇ ಬರೆಸಿದ್ದೇವೆ.