ರಿಟೈರ್ ಆದ ಮೇಲೆ ಸ್ವಂತ ದುಡಿಮೆ: ಶಿರಸಿ ಕಡೆಯ ಒಬ್ಬ ಫಿಟ್ಟರ್ ಬರೆದದ್ದು

ಹುಬ್ಬಳ್ಳಿಯ ಒಂದು ಕಾರ್ಖಾನೆಯಲ್ಲಿ 31 ವರ್ಷ ಫಿಟ್ಟರ್ ಆಗಿದ್ದೆ. 58ಕ್ಕೆ ನಿವೃತ್ತಿ ಆಯ್ತು, ಶಿರಸಿ ಹತ್ತಿರದ ಊರಿಗೆ ವಾಪಸ್ ಬಂದೆ. ಈಗ ಸುತ್ತಿನ ಹಳ್ಳಿಗಳಲ್ಲಿ ಪಂಪ್‌ಸೆಟ್, ಅಡಿಕೆ ಸುಲಿಯುವ ಮಷಿನ್, ಔಷಧಿ ಹೊಡೆಯುವ ಪಂಪ್, ಹುಲ್ಲು ಹೊಡೆಯುವ ಮಷಿನ್ ರಿಪೇರಿ ಮಾಡುತ್ತೇನೆ. ಇದು ಆರನೇ ವರ್ಷ. ನೌಕರಿ ಬಿಟ್ಟು ಊರಿಗೆ ಬಂದವರು ಹೇಗೆ ಶುರು ಮಾಡಿದ್ರಿ ಅಂತ ಕೇಳುತ್ತಲೇ ಇರುತ್ತಾರೆ, ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ದುಡ್ಡಿನ ಮಾತು. ಪಿಎಫ್, ಗ್ರಾಚ್ಯುಟಿ ಅಂತ ಕೈಗೆ ಬಂದ ಗಂಟು ಬಿಚ್ಚಿ ಅಂಗಡಿ ಹಾಕಬೇಡಿ. ಮೂವತ್ತರಲ್ಲಿ ಕಳೆದುಕೊಂಡರೆ ಮತ್ತೆ ದುಡಿಯಬಹುದು, ಅರವತ್ತರಲ್ಲಿ ಆಗುವುದಿಲ್ಲ. 60 ತುಂಬಿದವರು ಪೋಸ್ಟ್ ಆಫೀಸಿನ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ 30 ಲಕ್ಷದವರೆಗೆ ಇಡಬಹುದು, ಮೂರು ತಿಂಗಳಿಗೊಮ್ಮೆ ಬಡ್ಡಿ ಬರುತ್ತದೆ. ಮನೆಖರ್ಚು ಅದರಲ್ಲಿ ನಡೆಯಲಿ. ನಾನು ಶುರು ಮಾಡಿದ್ದು ಒಂದು ಹಳೇ ಬೈಕು, ನನ್ನದೇ ಸ್ಪ್ಯಾನರ್ ಸೆಟ್ಟು, ಒಂದು ಮಲ್ಟಿಮೀಟರ್ ಇಟ್ಟುಕೊಂಡು. ಸಾಲ ಬೇಕೇ ಬೇಕು ಅಂದರೆ ಮುದ್ರಾ ಯೋಜನೆಯಲ್ಲಿ ಶಿಶು ಸಾಲ 50,000 ರೂಪಾಯಿವರೆಗೆ ಅಡಮಾನ ಇಲ್ಲದೆ ಸಿಗುತ್ತದೆ, ಆದರೆ ಮೊದಲ ವರ್ಷ ಅದೂ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಯಾವ ಕೆಲಸ ಹಿಡಿಯಬೇಕು? ಕೈಗೆ ಗೊತ್ತಿರುವುದನ್ನೇ. ಆದರೆ ಅದು ಊರಿಗೂ ಬೇಕಾಗಿರಬೇಕು, ಅದನ್ನು ತಿಳಿಯಲು ಒಂದು ಕ್ಯಾಲೆಂಡರ್ ತೆಗೆದುಕೊಂಡು ತಿಂಗಳು ತಿಂಗಳಿಗೆ ಯಾರಿಗೆ ಏನು ತುರ್ತು ಅಂತ ಬರೆಯಿರಿ. ನಮ್ಮಲ್ಲಿ ಮೇ ಕೊನೆಗೆ ಔಷಧಿ ಪಂಪಿನ ಗಡಿಬಿಡಿ, ಯಾಕೆಂದರೆ ಮಳೆ ಹಿಡಿಯುವ ಮೊದಲು ಅಡಿಕೆಗೆ ಕೊಳೆ ರೋಗದ ಔಷಧಿ ಹೊಡೆಯಬೇಕು, 40-45 ದಿನ ಬಿಟ್ಟು ಮತ್ತೆ ಹೊಡೆಯಬೇಕು. ಮಳೆ ಕಡಿಮೆಯಾಗುವ ಹೊತ್ತಿಗೆ ಹುಲ್ಲು ಹೊಡೆಯುವ ಮಷಿನ್. ಅಡಿಕೆ ಗೊನೆ ಕೊಯ್ಲು ಶುರುವಾದರೆ ಸುಲಿಯುವ ಮಷಿನ್. ಬೇಸಿಗೆಗೆ ತೋಟಕ್ಕೆ ನೀರು ಬಿಡುವ ಪಂಪು. ನಿಮ್ಮದು ಹೊಲಿಗೆಯೋ ಲೆಕ್ಕಪತ್ರವೋ ಅಡುಗೆಯೋ ಇರಬಹುದು, ಅದಕ್ಕೂ ಹೀಗೇ ಬರೆಯಿರಿ, ಖಾಲಿ ತಿಂಗಳು ಯಾವುದು ಅಂತ ಮೊದಲೇ ಕಾಣುತ್ತದೆ.

ನನ್ನ ಒಂದು ತಪ್ಪು ಹೇಳುತ್ತೇನೆ. ಶುರುವಿನಲ್ಲೇ 18 ಸಾವಿರದ ಸಾಮಾನು ತಂದು ಕಪಾಟು ತುಂಬಿಸಿದೆ. ಒಂದೊಂದು ಕಂಪನಿಯ ಮಷಿನ್ನಿಗೆ ಒಂದೊಂದು ಅಳತೆ, ಅರ್ಧ ಸಾಮಾನು ಇವತ್ತಿಗೂ ಹಾಗೇ ಬಿದ್ದಿದೆ. ಈಗ ಸ್ಪಾರ್ಕ್ ಪ್ಲಗ್, ಸ್ಟಾರ್ಟರ್ ಹಗ್ಗ, ಬೆಲ್ಟು, ವಾಷರ್, ಕೆಪಾಸಿಟರ್ ಇಷ್ಟೇ ಇಡುತ್ತೇನೆ. ಉಳಿದದ್ದಕ್ಕೆ ಗಿರಾಕಿಯಿಂದ ಮುಂಗಡ ತೆಗೆದುಕೊಂಡು ಪೇಟೆಯಿಂದ ತರುತ್ತೇನೆ.

ಇನ್ನು ಎಲ್ಲಕ್ಕಿಂತ ಕಷ್ಟದ್ದು: ದುಡ್ಡು ಕೇಳುವುದು. ಊರಿನವರೆಲ್ಲ ಗುರುತಿನವರು, ಹೇಗೆ ಕೇಳುವುದು ಅಲ್ವಾ? ಮೊದಲ ಜೂನ್‌ನಲ್ಲಿ ಒಬ್ಬ ಹೆಗಡೇರು ಬೆಳಿಗ್ಗೆ ಏಳಕ್ಕೆ ಫೋನ್ ಮಾಡಿದರು. ಪಂಪು ಪ್ರೆಶರ್ ಹಿಡಿಯುತ್ತಿಲ್ಲ, ಕೊನೆಗೌಡ (ಅಡಿಕೆ ಮರ ಹತ್ತುವವನು) ಮತ್ತೆ ಇಬ್ಬರು ಆಳು ಜಗಲಿಯಲ್ಲಿ ಕೂತಿದ್ದಾರೆ, ಮಳೆ ಹೊಳವಾಗಿದೆ (ಸ್ವಲ್ಪ ಬಿಡುವು ಕೊಟ್ಟಿದೆ), ಬೇಗ ಬನ್ನಿ ಅಂತ. 11 ಕಿಲೋಮೀಟರ್ ಹೋದೆ. ವಾಲ್ವ್ ಬಿಚ್ಚಿದರೆ ಒಳಗೆ ಕೊಳೆ ಔಷಧಿಯ ಮೈಲುತುತ್ತ, ಸುಣ್ಣ ಸೇರಿ ನೀಲಿ ಹಕ್ಕಳೆ ಕಟ್ಟಿತ್ತು. ಹೋದ ವರ್ಷ ಔಷಧಿ ಹೊಡೆದ ಮೇಲೆ ನೀರು ಹಾಯಿಸಿ ತೊಳೆದಿರಲಿಲ್ಲ. ಸ್ಕ್ರೂಡ್ರೈವರ್ ಹಾಕಿದರೆ ವಾಲ್ವಿನ ಸೀಟಿಗೆ ಗೀರು ಬೀಳುತ್ತದೆ, ಅದಕ್ಕೆ ಬಿದಿರಿನ ಚಕ್ಕೆಯಲ್ಲಿ ಮೆಲ್ಲಗೆ ಕೆರೆದು ತೊಳೆದು ಕೂರಿಸಿದೆ. ಇಪ್ಪತ್ತು ನಿಮಿಷಕ್ಕೆ ಪಂಪು ಹಿಡಿಯಿತು. "ಎಷ್ಟಾಯ್ತು?" ಅಂದರು. "ಇರ್ಲಿ ಬಿಡಿ ಹೆಗಡೇರೆ" ಅಂದೆ. ಚಹಾ ಕುಡಿದು, ಒಂದು ಚಿಪ್ಪು ಬಾಳೆಹಣ್ಣು ಹಿಡಿದು ಮನೆಗೆ ಬಂದೆ. ಹೆಂಡತಿ ಕೇಳಿದ್ದು ಒಂದೇ ಮಾತು: "ಪೆಟ್ರೋಲ್ ಯಾರದ್ದು?"

ಆ ದಿನ ಮೂರು ಜನರ ಕೂಲಿ ಉಳಿದಿತ್ತು, ಹೊಳವು ತಪ್ಪಿ ಹೋಗಲಿಲ್ಲ, ಅದಕ್ಕೆ ಬೆಲೆ ಇದೆ. ಮರುದಿನವೇ ಒಂದು ಕಾರ್ಡಿನ ಮೇಲೆ ದರ ಬರೆದೆ. ಹೋಗಿ ಬರುವುದಕ್ಕೆ ಕಿಲೋಮೀಟರ್ ಲೆಕ್ಕ, ಕೆಲಸಕ್ಕೆ ಗಂಟೆ ಲೆಕ್ಕ, ಸಾಮಾನಿಗೆ ಬಿಲ್ ಇದ್ದಂತೆ. ಇದನ್ನು ಫೋನಿನಲ್ಲೇ, ಬೈಕ್ ಹತ್ತುವ ಮೊದಲೇ ಹೇಳಿ. ಕೆಲಸ ಮುಗಿದ ಮೇಲೆ ಹೇಳಲು ಹೋದರೆ ಬಾಯಿ ಬರುವುದಿಲ್ಲ. ದಾರಿಯಲ್ಲಿ ಕಳೆದ ಹೊತ್ತೂ ನಿಮ್ಮ ಕೆಲಸವೇ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ನಾನು ದರ ಹೇಳಲು ಶುರು ಮಾಡಿದ ಮೇಲೆ ಅದೇ ಹೆಗಡೇರು ಪ್ರತಿ ಮೇ ತಿಂಗಳು ತಾವಾಗಿ ಕರೆದು ಮುಂಚೆಯೇ ಪಂಪು ತೋರಿಸುತ್ತಾರೆ.

ಕಾಗದಪತ್ರ ಜಾಸ್ತಿ ಇಲ್ಲ. ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ದಿಮೆ ಅಂತ ಸರ್ಕಾರದಲ್ಲಿ ಹೆಸರು ಬರೆಸುವುದು, ಪುಕ್ಕಟೆ, ಆಧಾರ್ ಮತ್ತು ಪ್ಯಾನ್ ಇದ್ದರೆ ಸರ್ಕಾರದ ವೆಬ್‌ಸೈಟಿನಲ್ಲೇ ಆಗುತ್ತದೆ, ಅದಕ್ಕೆ ಯಾರಾದರೂ ಶುಲ್ಕ ಕೇಳಿದರೆ ಕೊಡಬೇಡಿ. ರಿಪೇರಿಯಂಥ ಸೇವೆಗೆ ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ಜಿಎಸ್‌ಟಿ ನೋಂದಣಿ ಬೇಡ. ಬ್ಯಾಂಕಿನಲ್ಲಿ ಬೇರೆ ಖಾತೆ ತೆರೆದು ಕ್ಯೂಆರ್ ಕೋಡ್ ಅದಕ್ಕೇ ಜೋಡಿಸಿ, ಇಲ್ಲದಿದ್ದರೆ ಪಿಂಚಣಿ ಯಾವುದು, ದುಡಿಮೆ ಯಾವುದು ಗೊತ್ತಾಗುವುದಿಲ್ಲ.

ತೆರಿಗೆಯಲ್ಲಿ ಒಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. 60 ದಾಟಿದವರಿಗೆ ವ್ಯಾಪಾರದ ಆದಾಯ ಇಲ್ಲದಿದ್ದರೆ ಮುಂಗಡ ತೆರಿಗೆ (ವರ್ಷ ಮುಗಿಯುವ ಮೊದಲೇ ಕಟ್ಟುವ ಆದಾಯ ತೆರಿಗೆ) ಕಟ್ಟುವ ಕೆಲಸ ಇಲ್ಲ. ಸ್ವಂತ ದುಡಿಮೆ ಶುರುವಾದರೆ ಆ ರಿಯಾಯಿತಿ ಹೋಗುತ್ತದೆ. ವರ್ಷದ ತೆರಿಗೆ 10,000 ರೂಪಾಯಿ ಮುಟ್ಟಿದರೆ ಮುಂಗಡ ಕಟ್ಟಬೇಕು. ಸಣ್ಣವರಿಗೆ ಅಂದಾಜು ಲಾಭದ ಮೇಲೆ ತೆರಿಗೆ ಕಟ್ಟುವ ದಾರಿ ಇದೆ. ನಗದು ಬಂದದ್ದರ 8%, ಬ್ಯಾಂಕಿಗೆ ಬಂದದ್ದರ 6% ಲಾಭ ಅಂತ ತೋರಿಸಬಹುದು, ಲಾಭ ಅದಕ್ಕಿಂತ ಜಾಸ್ತಿ ಇದ್ದರೆ ಜಾಸ್ತಿಯೇ ತೋರಿಸಬೇಕು. ಆಗ ಮುಂಗಡವನ್ನು ಮಾರ್ಚ್ 15ರೊಳಗೆ ಒಂದೇ ಕಂತಿನಲ್ಲಿ ಕಟ್ಟಿದರಾಯ್ತು.

ಮೈಯ ಬಗ್ಗೆ ಮುಚ್ಚುಮರೆ ಬೇಡ. ನಾನು ಬಾವಿಗೆ ಇಳಿಯುವುದಿಲ್ಲ, ಮೋಟರ್ ಒಬ್ಬನೇ ಎತ್ತುವುದಿಲ್ಲ, ಮಳೆಗಾಲದಲ್ಲಿ ಕತ್ತಲಾದ ಮೇಲೆ ಬೈಕ್ ಓಡಿಸುವುದಿಲ್ಲ. ಇದನ್ನೂ ಮೊದಲೇ ಹೇಳಿದರೆ ಅವರೇ ಒಬ್ಬ ಆಳನ್ನು ನಿಲ್ಲಿಸಿರುತ್ತಾರೆ. ಸುಲಿಯುವ ಮಷಿನ್ ಮುಟ್ಟುವ ಮೊದಲು ಫ್ಯೂಸ್ ಕಿತ್ತು ನನ್ನ ಜೇಬಿನಲ್ಲಿ ಹಾಕಿಕೊಳ್ಳುತ್ತೇನೆ. ಯಾರೋ ಗೊತ್ತಿಲ್ಲದೆ ಸ್ವಿಚ್ ಹಾಕಿದರೂ ಬೆಲ್ಟು ತಿರುಗಬಾರದು. 70 ವರ್ಷದೊಳಗಿನವರು ಬ್ಯಾಂಕಿನಲ್ಲಿ ಪ್ರಧಾನಮಂತ್ರಿ ಸುರಕ್ಷಾ ಬಿಮಾಕ್ಕೆ ಸಹಿ ಹಾಕಿ, ವರ್ಷಕ್ಕೆ 20 ರೂಪಾಯಿ, ಅಪಘಾತಕ್ಕೆ 2 ಲಕ್ಷದವರೆಗಿನ ವಿಮೆ.

ಗಿರಾಕಿ ಹುಡುಕಲು ಬೋರ್ಡು, ಜಾಹೀರಾತು ಏನೂ ಹಾಕಿಸಲಿಲ್ಲ. ನಮ್ಮ ಕಡೆ ಎಷ್ಟೋ ಮನೆಗಳಿಗೆ ನೆಟ್‌ವರ್ಕ್ ಇಲ್ಲ, ಆದರೆ ಹಾಲಿನ ಡೇರಿಗೆ ದಿನಾ ಯಾರಾದರೂ ಬಂದೇ ಬರುತ್ತಾರೆ. ಡೇರಿಯಲ್ಲಿ, ಸೊಸೈಟಿಯಲ್ಲಿ ಕಾರ್ಡು ಕೊಟ್ಟು ಒಂದು ಪಟ್ಟಿ ಪುಸ್ತಕವನ್ನೂ ದಾರ ಕಟ್ಟಿ ತೂಗುಹಾಕಿದೆ. ಹೆಸರು, ಊರು, ಯಾವ ಮಷಿನ್ ಅಂತ ಬರೆದಿಟ್ಟು ಹೋಗುತ್ತಾರೆ. ದಿನಾ ಸಂಜೆ ಹೋಗಿ ನೋಡಿ, ಒಂದೇ ದಿಕ್ಕಿನ ಮೂರು ನಾಲ್ಕು ಮನೆ ಸೇರಿಸಿ ಮರುದಿನ ಹೊರಡುತ್ತೇನೆ. ಹಾಗೆ ಮಾಡಿದರೆ ದಾರಿಯ ಖರ್ಚು ಅವರೆಲ್ಲರಿಗೂ ಹಂಚಿ ಹೋಗುತ್ತದೆ.