ವಿದೇಶದಿಂದ ಬಂದ ಮೇಲೆ ಮೈಸೂರಿನಲ್ಲಿ ನೆಲೆ ನಿಲ್ಲುವಂಥ ಬಾಡಿಗೆ ಮನೆ

ಗಲ್ಫ್‌ನಲ್ಲಿ ಎಷ್ಟು ವರ್ಷ ದುಡಿದರೂ ಕೆಲಸ ಮುಗಿದ ಮೇಲೆ ಊರಿಗೆ ಬರಲೇಬೇಕು. ನಾನು ಮಸ್ಕತ್‌ನಲ್ಲಿ ನರ್ಸ್ ಆಗಿದ್ದೆ. ನಿವೃತ್ತಿಯಾಗಿ ಮೈಸೂರಿಗೆ ಬಂದಾಗ ನಾನು, ನಮ್ಮ ಯಜಮಾನರು ಬಾಡಿಗೆ ಮನೆಯಲ್ಲೇ ಇರೋಣ ಅಂತ ತೀರ್ಮಾನಿಸಿದೆವು. ಕೂಡಿಟ್ಟ ದುಡ್ಡನ್ನೆಲ್ಲ ಗೋಡೆಗೆ ಸುರಿಯುವ ಮನಸ್ಸಿರಲಿಲ್ಲ. ಆದರೆ ಈ ವಯಸ್ಸಿನಲ್ಲಿ ವರ್ಷಕ್ಕೊಂದು ಸಲ ಸಾಮಾನು ಕಟ್ಟುವುದೂ ಆಗದ ಮಾತು.

ಹಾಗಾಗಿ ಮನೆ ನೋಡುವ ಮೊದಲು ಓನರನ್ನು ನೋಡಿ. ಮಗನ ಮದುವೆ ಹತ್ತಿರದಲ್ಲಿದೆಯಾ? ಅಣ್ಣತಮ್ಮಂದಿರ ಪಾಲು ಆಗಿದೆಯಾ? ಮಾರುವ ಯೋಚನೆ ಇದೆಯಾ? ನೇರವಾಗಿ ಕೇಳಿ, ಸಂಕೋಚ ಬೇಡ. ಎದುರುಮನೆಯವರನ್ನೂ ಒಂದು ಮಾತು ವಿಚಾರಿಸಿ. ಹಿಂದಿನ ಬಾಡಿಗೆದಾರರು ಯಾಕೆ ಬಿಟ್ಟರು ಅನ್ನುವುದು ಅವರಿಗೆ ಗೊತ್ತಿರುತ್ತದೆ. ಗೋಕುಲಂನಲ್ಲಿ ಯೋಗ ಕಲಿಯಲು ಬರುವ ವಿದೇಶಿಯರಿಗೆ ಕೆಲವೇ ತಿಂಗಳಿಗೆ ಜಾಸ್ತಿ ಬಾಡಿಗೆಗೆ ಕೊಡುವವರಿದ್ದಾರೆ. ಅಂಥ ಮನೆ ನಮ್ಮಂಥವರಿಗಲ್ಲ. ಸರಸ್ವತಿಪುರಂ, ಕುವೆಂಪುನಗರದ ಕಡೆ ಮೇಲೆ ತಾವಿದ್ದು ಕೆಳಗಿನ ಮನೆ ಬಾಡಿಗೆಗೆ ಕೊಡುವ ಹಿರಿಯರು ಸಿಗುತ್ತಾರೆ. ಅವರಿಗೂ ಜೊತೆ ಬೇಕಿರುತ್ತದೆ.

ಇನ್ನು ಕಾಗದ ಪತ್ರ. ಎಲ್ಲರೂ 11 ತಿಂಗಳ ಕರಾರು ಅನ್ನುತ್ತಾರೆ. ಕಾರಣ ಇಷ್ಟೇ: 1908ರ ನೋಂದಣಿ ಕಾಯ್ದೆ ಪ್ರಕಾರ ಒಂದು ವರ್ಷ ಮೀರಿದ ಕರಾರನ್ನು ನೋಂದಣಿ ಮಾಡಿಸಲೇಬೇಕು. ಆ ಖರ್ಚು, ಓಡಾಟ ಯಾರಿಗೂ ಬೇಡ. ನಮಗೆ ಮಾತ್ರ ಅದೇ ಬೇಕು. ಐದು ವರ್ಷದ ಕರಾರು ಮಾಡಿಸಿ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿ. ಓನರ್ ಹಿಂದೆಮುಂದೆ ನೋಡಿದರೆ ಖರ್ಚು ನಾವೇ ಕೊಡುತ್ತೇವೆ ಅನ್ನಿ. ನೋಂದಣಿಯಾದ ಕರಾರಿದ್ದರೆ ಮನೆ ಮಾರಿದರೂ ಕೊಂಡವರು ಅವಧಿ ಮುಗಿಯುವ ತನಕ ಅದಕ್ಕೆ ಬದ್ಧರು. ವರ್ಷಕ್ಕೆ ಬಾಡಿಗೆ ಎಷ್ಟು ಏರಬೇಕು ಅನ್ನುವುದನ್ನೂ ಅದರಲ್ಲೇ ಬರೆಸಿ. ಅವಧಿಗೆ ಮೊದಲು ಓನರ್ ಬಿಡಿಸುವಂತಿಲ್ಲ, ನಾವು ಮಾತ್ರ ಎರಡು ತಿಂಗಳ ನೋಟಿಸ್ ಕೊಟ್ಟು ಬಿಡಬಹುದು ಅಂತಲೂ ಇರಲಿ. ಆರೋಗ್ಯ ಕೆಟ್ಟರೆ ಮಕ್ಕಳ ಹತ್ತಿರ ಹೋಗಬೇಕಾಗುತ್ತದೆ, ಅಲ್ವಾ?

ಗಂಡ ಹೆಂಡತಿ ಇಬ್ಬರ ಹೆಸರೂ ಕರಾರಿನಲ್ಲಿ ಇರಲೇಬೇಕು. ಸಾಮಾನ್ಯವಾಗಿ ಗಂಡಸರ ಹೆಸರಲ್ಲೇ ಬರೆಸಿಬಿಡುತ್ತಾರೆ. ನಾಳೆ ಅವರಿಲ್ಲದೆ ಹೋದರೆ, ಆ ದುಃಖದಲ್ಲಿ ಕೂತ ಹೆಣ್ಣುಮಗಳು ಮನೆಯ ಹಕ್ಕು, ಅಡ್ವಾನ್ಸ್ ಅಂತ ಯಾರ ಮುಂದೆ ನಿಲ್ಲಬೇಕು? ಇದನ್ನು ನಾನು ಸಿಕ್ಕವರಿಗೆಲ್ಲ ಹೇಳುತ್ತೇನೆ.

ಸಹಿಗೆ ಮೊದಲು ಇ.ಸಿ., ಅಂದರೆ ಮನೆಯ ಮೇಲೆ ನೋಂದಣಿಯಾದ ಸಾಲ, ಮಾರಾಟ ತೋರಿಸುವ ಋಣಭಾರ ಪತ್ರ ತೆಗೆಸಿ. ಖಾತೆ, ಕಂದಾಯ ರಸೀದಿ ನೋಡಿ. ಬ್ಯಾಂಕ್ ಸಾಲ ಇದೆಯಾ ಅಂತ ಬಾಯಿಬಿಟ್ಟು ಕೇಳಿ. ಬಾಡಿಗೆ ಇಲ್ಲ, ಹತ್ತಿಪ್ಪತ್ತು ಲಕ್ಷ ಒಟ್ಟಿಗೆ ಕೊಡಿ ಅನ್ನುವ ಭೋಗ್ಯದ ಮನೆಗೆ ದಯವಿಟ್ಟು ಹೋಗಬೇಡಿ. ಓನರ್ ಸಾಲ ಕಟ್ಟದಿದ್ದರೆ ಬ್ಯಾಂಕಿನವರು ಮನೆ ಹರಾಜಿಗೆ ಹಾಕುತ್ತಾರೆ, ನಿಮ್ಮ ದುಡ್ಡು ಸಿಕ್ಕಿಹಾಕಿಕೊಳ್ಳುತ್ತದೆ. ಓನರೇ ಎನ್‌ಆರ್‌ಐ ಆಗಿದ್ದರೆ ಬಾಡಿಗೆಯಲ್ಲಿ ತೆರಿಗೆ ಮುರಿದು ಸರ್ಕಾರಕ್ಕೆ ಕಟ್ಟುವ ಹೊಣೆ ಬಾಡಿಗೆದಾರರದು. ಮೊದಲೇ ಆಡಿಟರ್ ಹತ್ತಿರ ಕೇಳಿಕೊಳ್ಳಿ.

ಮನೆಯೊಳಗೆ ನಾನು ಮೊದಲು ನೋಡುವುದು ಬಚ್ಚಲಿನ ಬಾಗಿಲು. ಅದು ಒಳಕ್ಕೆ ತೆರೆದುಕೊಳ್ಳುವಂತಿದ್ದು, ಒಳಗಿದ್ದವರು ಜಾರಿ ಬಾಗಿಲಿಗೇ ಅಡ್ಡ ಬಿದ್ದರೆ ಹೊರಗಿನವರು ತಳ್ಳುವುದಕ್ಕೂ ಆಗುವುದಿಲ್ಲ. ಹೊರಕ್ಕೆ ತೆರೆಯುವ ಬಾಗಿಲು, ಹೊರಗಿನಿಂದಲೂ ಬಿಡಿಸಬಹುದಾದ ಚಿಲಕ ಹಾಕಿಸಿ. ಕಮೋಡ್ ಪಕ್ಕ ಹಿಡಿಕೆ ಬೇಕು. ಅದಕ್ಕೆ ಗೋಡೆ ಕೊರೆಯಬೇಕು. ಆ ಅನುಮತಿಯನ್ನೂ ಕರಾರಿನಲ್ಲಿ ಬರೆಸಿ, ಆಮೇಲೆ ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳಬಾರದು. ಕಾವೇರಿ ನೀರು ಬರುತ್ತಾ, ಸಂಪ್ ಎಷ್ಟು ದೊಡ್ಡದು, ಗೇಟಿನ ತನಕ ಆಂಬುಲೆನ್ಸ್ ಬರುತ್ತಾ ಅಂತ ನೋಡಿ. ಹೃದಯದ ತೊಂದರೆ ಇರುವವರು ಕೆಆರ್‌ಎಸ್ ರಸ್ತೆಯ ಜಯದೇವ ಆಸ್ಪತ್ರೆಗೆ ಎಷ್ಟು ಹೊತ್ತಾಗುತ್ತದೆ ಅಂತ ಸಂಜೆಯ ಟ್ರಾಫಿಕ್‌ನಲ್ಲಿ ಒಮ್ಮೆ ಹೋಗಿ ನೋಡಿ.

ಅಡ್ವಾನ್ಸ್ ಬ್ಯಾಂಕ್ ಮೂಲಕವೇ ಕೊಡಿ. ಕೀ ಪಡೆದ ದಿನ ಗೋಡೆ, ನಲ್ಲಿ, ಕರೆಂಟ್ ಮೀಟರ್ ಎಲ್ಲದರ ಫೋಟೋ ತೆಗೆದು ಓನರ್‌ಗೆ ವಾಟ್ಸಾಪ್ ಮಾಡಿ. ಕರಾರಿನ ಒಂದು ಪ್ರತಿ ಮಕ್ಕಳ ಹತ್ತಿರವೂ ಇರಲಿ.